ಬೀಗದಕೈ ಬಿಟ್ಟುಕೊಟ್ಟ ಸಂಸತ್ತು

2025ರ ಅಕ್ಟೋಬರ್ 1ರಂದು ಬಾಗಿಲು ಹಾಕಿದ ಅಮೆರಿಕದ ಒಕ್ಕೂಟ ಸರ್ಕಾರದ ಕಚೇರಿಗಳು ಮತ್ತೆ ತೆರೆಯಲು ನವೆಂಬರ್ 12ರ ರಾತ್ರಿಯವರೆಗೆ ಕಾಯಬೇಕಾಯಿತು. ಒಟ್ಟು 43 ದಿನ. ಅಲ್ಲಿಯವರೆಗಿನ ದಾಖಲೆ 2018–19ರ 35 ದಿನದ್ದು. ಲಕ್ಷಾಂತರ ನೌಕರರಿಗೆ ಸಂಬಳ ನಿಂತಿತು, ವಿಮಾನ ಸಂಚಾರ ನಿಯಂತ್ರಕರು ಕೂಲಿಯಿಲ್ಲದೆ ದುಡಿದರು, ಬಡವರ ಆಹಾರ ನೆರವು ಕೋರ್ಟಿನ ಮೆಟ್ಟಿಲು ಹತ್ತಿತು. ಯುದ್ಧವಿರಲಿಲ್ಲ, ಕ್ಷಾಮವಿರಲಿಲ್ಲ, ಖಜಾನೆಯೂ ಬರಿದಾಗಿರಲಿಲ್ಲ. ಅಲ್ಲಿನ ಸಂಸತ್ತು ವರ್ಷಕ್ಕೊಮ್ಮೆ ಮಾಡಲೇಬೇಕಾದ ಕೆಲಸವನ್ನು ಮಾಡಿರಲಿಲ್ಲ, ಅಷ್ಟೆ. ಇಡೀ ಅವಧಿಯಲ್ಲಿ ಜನಪ್ರತಿನಿಧಿಗಳ ಸಭೆಯ ಸ್ಪೀಕರ್ ಮೈಕ್ ಜಾನ್ಸನ್ ಸದಸ್ಯರನ್ನು ಮತದಾನಕ್ಕೆ ಕರೆಯಲೇ ಇಲ್ಲ. ಸೆಪ್ಟೆಂಬರ್ 19ರಂದು ಊರಿಗೆ ಹೋದವರು ಸದನದಲ್ಲಿ ಮತ ಹಾಕಲು ವಾಪಸು ಬಂದದ್ದು ಶಟ್‌ಡೌನ್ ಮುಗಿಸುವ ದಿನವೇ.

ಇದನ್ನು ಒಬ್ಬ ಅಧ್ಯಕ್ಷನ ಹಟ, ಒಂದು ಪಕ್ಷದ ಮೊಂಡುತನ ಎಂದು ಓದಿ ಮುಗಿಸುವುದು ಸುಲಭ. ನಮ್ಮ ಟಿ.ವಿ. ಚರ್ಚೆಗಳು ಹಾಗೆಯೇ ಮುಗಿಸಿದವು. ಆದರೆ ಅಮೆರಿಕದ ರಾಜ್ಯಶಾಸ್ತ್ರಜ್ಞರು ಬಹುಕಾಲದಿಂದ ಇಟ್ಟುಕೊಂಡು ಬಂದಿರುವ ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಈಗಿನ ಬಜೆಟ್ ವ್ಯವಸ್ಥೆ ಹುಟ್ಟಿದ್ದು 1974ರ ಕಾಯ್ದೆಯಿಂದ. ಅದರಡಿ ಎಲ್ಲ ಧನವಿನಿಯೋಗ ಮಸೂದೆಗಳೂ ಹಣಕಾಸು ವರ್ಷ ಶುರುವಾಗುವ ಮುನ್ನ ಪಾಸಾದದ್ದು ನಾಲ್ಕೇ ಸಲ: 1977, 1989, 1995 ಮತ್ತು 1997ರ ಹಣಕಾಸು ವರ್ಷಗಳಿಗೆ. ಉಳಿದ ವರ್ಷಗಳಲ್ಲೆಲ್ಲ ತಾತ್ಕಾಲಿಕ ಮಸೂದೆ, ವಿಸ್ತರಣೆ, ಮತ್ತೊಂದು ವಿಸ್ತರಣೆ. ಡೆಮಾಕ್ರಟರಿದ್ದಾಗಲೂ ಇದೇ, ರಿಪಬ್ಲಿಕನ್ನರಿದ್ದಾಗಲೂ ಇದೇ. ಕ್ಷಯಿಸುತ್ತಿರುವುದು ಶಾಸಕಾಂಗವೆಂಬ ಸಂಸ್ಥೆ. ಆ ಕ್ಷಯವನ್ನು ಅಳೆದು ಹೇಳುವ ವಿದ್ಯೆಯ ಅನ್ನಕ್ಕೂ ಈಗ ಕಲ್ಲು ಬಿದ್ದಿದೆ. ಈ ಎರಡೂ ಒಟ್ಟಿಗೆ ನಡೆಯುತ್ತಿರುವುದೇ ನಮ್ಮ ಆತಂಕಕ್ಕೆ ಕಾರಣ.

ಅಮೆರಿಕದ ಸಂವಿಧಾನದ ಮೊದಲ ವಿಧಿ ಅಧ್ಯಕ್ಷನದ್ದಲ್ಲ, ಸಂಸತ್ತಿನದ್ದು. ತೆರಿಗೆ, ಸುಂಕ, ಸಾಲ, ಯುದ್ಧ ಘೋಷಣೆ ಎಲ್ಲವೂ ಅದೇ ವಿಧಿಯ ಎಂಟನೆಯ ಪರಿಚ್ಛೇದದಲ್ಲಿವೆ. ಖಜಾನೆಯ ಬೀಗದಕೈಯನ್ನು ಬೇಕೆಂದೇ ಜನಪ್ರತಿನಿಧಿಗಳ ಸೊಂಟಕ್ಕೆ ಸಿಕ್ಕಿಸಲಾಗಿತ್ತು. ಅದು ಇವತ್ತು ಯಾರ ಕೈಯಲ್ಲಿದೆ ಎಂದು ತಿಳಿಯಲು ಕರ್ನಾಟಕದವರಾದ ನಾವು ವಾಷಿಂಗ್ಟನ್ನಿಗೆ ಹೋಗಬೇಕಿಲ್ಲ. 2025ರ ಆಗಸ್ಟ್ 27ರಿಂದ ಭಾರತದ ಸರಕುಗಳ ಮೇಲೆ ಶೇ 50ರಷ್ಟು ಸುಂಕ ಬಿದ್ದಾಗ ಅದರ ಬಿಸಿ ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳಿಗೂ ತಟ್ಟಿತು. ಆ ಸುಂಕಕ್ಕೆ ಯಾವ ಸದನದಲ್ಲೂ ಮತದಾನ ನಡೆದಿರಲಿಲ್ಲ. 1977ರ ತುರ್ತು ಆರ್ಥಿಕ ಅಧಿಕಾರಗಳ ಕಾಯ್ದೆಯನ್ನು ಮುಂದಿಟ್ಟು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಹೊರಡಿಸಿದ ಆದೇಶವದು. ಸುಂಕ ಎಂಬ ಪದವೇ ಆ ಕಾಯ್ದೆಯಲ್ಲಿ ಇಲ್ಲ.

ಇಲ್ಲಿ ಸಂಸತ್ತು ಏನು ಮಾಡಿತು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಅಧ್ಯಕ್ಷ ಘೋಷಿಸಿದ ತುರ್ತು ಪರಿಸ್ಥಿತಿಯನ್ನು ರದ್ದುಮಾಡುವ ನಿರ್ಣಯವನ್ನು ಯಾವುದೇ ಸದಸ್ಯ ತರಬಹುದು. ಅದನ್ನು ಸಮಿತಿ 15 ದಿನದೊಳಗೆ ಕೈಗೆತ್ತಿಕೊಳ್ಳಬೇಕೆಂದು ಕಾನೂನೇ ಹೇಳುತ್ತದೆ. ಕೆನಡಾ, ಮೆಕ್ಸಿಕೊ ಮೇಲಿನ ಸುಂಕದ ವಿರುದ್ಧ ಅಂಥ ನಿರ್ಣಯ ಬರುವ ಸೂಚನೆ ಸಿಕ್ಕಾಗ, 2025ರ ಮಾರ್ಚ್‌ನಲ್ಲಿ ಜನಪ್ರತಿನಿಧಿಗಳ ಸಭೆ ಒಂದು ನಿಯಮವನ್ನು ಅಂಗೀಕರಿಸಿತು. ಈ ವಿಷಯದ ಮಟ್ಟಿಗೆ ಅಧಿವೇಶನದ ಉಳಿದ ದಿನಗಳನ್ನು ದಿನಗಳೆಂದು ಲೆಕ್ಕಿಸತಕ್ಕದ್ದಲ್ಲ! ಸೂರ್ಯ ಹುಟ್ಟುತ್ತಾನೆ, ಮುಳುಗುತ್ತಾನೆ, ಕ್ಯಾಲೆಂಡರಿನ ಹಾಳೆ ಮಾತ್ರ ಮಗುಚುವುದಿಲ್ಲ. ತನ್ನ ಅಧಿಕಾರವನ್ನು ಬೇರೆಯವರು ಕಸಿದುಕೊಂಡರೆ ಸಂಸತ್ತು ಪ್ರತಿಭಟಿಸುವುದು ಸಹಜ. ಇಲ್ಲಿ ಅದು ತನ್ನ ಅಧಿಕಾರ ತನಗೇ ವಾಪಸು ಬಂದುಬಿಟ್ಟೀತು ಎಂದು ಹೆದರಿ ಕಾಲವನ್ನೇ ನಿಲ್ಲಿಸಿತು. ಸಂಸತ್ತಿನ ಹಕ್ಕಿನ ಪರವಾಗಿ ಕೋರ್ಟಿಗೆ ಹೋದವರು ಯಾರು? ಒಬ್ಬ ವೈನ್ ಆಮದುದಾರ, ಒಂದು ಆಟಿಕೆ ಕಂಪನಿ, ಕೆಲವು ರಾಜ್ಯ ಸರ್ಕಾರಗಳು. 2025ರ ಆಗಸ್ಟ್ 29ರಂದು ಒಕ್ಕೂಟದ ಮೇಲ್ಮನವಿ ನ್ಯಾಯಾಲಯ 7–4ರ ಬಹುಮತದಿಂದ, ಆ ಕಾಯ್ದೆ ಇಂಥ ಸುಂಕಕ್ಕೆ ಅವಕಾಶ ಕೊಡುವುದಿಲ್ಲ ಎಂದು ತೀರ್ಪಿತ್ತಾಗಲೂ ಸಂಸತ್ತಿನ ನಾಯಕರು ಅದನ್ನು ಬೇರೆ ಯಾರದೋ ಮೊಕದ್ದಮೆಯಂತೆ ನೋಡುತ್ತ ಕುಳಿತಿದ್ದರು.

ಎಚ್-1ಬಿ ವೀಸಾದ ಕಥೆಯೂ ಇದೇ. 2025ರ ಸೆಪ್ಟೆಂಬರ್ 19ರ ಶುಕ್ರವಾರ ಹೊರಬಿದ್ದ ಒಂದು ಘೋಷಣೆ ಹೊಸ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರ್ ಶುಲ್ಕ ಹೇರಿತು. ರಜೆಗೆಂದು ಊರಿಗೆ ಬಂದಿದ್ದ ಎಂಜಿನಿಯರುಗಳು ರಾತ್ರೋರಾತ್ರಿ ವಿಮಾನದ ಟಿಕೆಟ್ ಹುಡುಕಿದರು. ಶುಲ್ಕ ಹಳೆಯ ವೀಸಾದವರಿಗೆ ಅನ್ವಯಿಸುವುದಿಲ್ಲ ಎಂಬ ಸ್ಪಷ್ಟನೆ ಬರುವಷ್ಟರಲ್ಲಿ ವಾರಾಂತ್ಯ ಮುಗಿಯುತ್ತ ಬಂದಿತ್ತು. ಆ ಒಂದು ಘೋಷಣೆಯನ್ನು ಬೈಯುವುದು ಸುಲಭ. ಆದರೆ ಅದಕ್ಕೆ ಜಾಗ ಮಾಡಿಕೊಟ್ಟದ್ದು ದಶಕಗಳ ಮೌನ. ವರ್ಷಕ್ಕೆ 65 ಸಾವಿರ ವೀಸಾಗಳ ಮಿತಿ ಬಂದದ್ದು 1990ರ ವಲಸೆ ಕಾಯ್ದೆಯಿಂದ. ಗ್ರೀನ್ ಕಾರ್ಡಿಗೆ ಯಾವುದೇ ಒಂದು ದೇಶದವರಿಗೆ ಶೇ 7ಕ್ಕಿಂತ ಹೆಚ್ಚು ಪಾಲಿಲ್ಲ ಎಂಬ ನಿಯಮವೂ ಆ ಕಾಲದ್ದೇ. ನ್ಯೂಜೆರ್ಸಿಯಲ್ಲೋ ಸ್ಯಾನ್ ಹೋಸೆಯಲ್ಲೋ ಸಾಲಿನಲ್ಲಿ ನಿಂತೇ ತಲೆ ನರೆಸಿಕೊಂಡ ಕನ್ನಡಿಗರಿಗೆ ಈ ಅಂಕಿಗಳನ್ನು ಯಾರೂ ಹೇಳಿಕೊಡಬೇಕಿಲ್ಲ. 2013ರಲ್ಲಿ ಸಮಗ್ರ ಸುಧಾರಣೆಯ ಮಸೂದೆ ಸೆನೆಟ್‌ನಲ್ಲಿ 68–32ರ ಅಂತರದಿಂದ, ಎರಡೂ ಪಕ್ಷಗಳ ಮತದಿಂದ ಪಾಸಾಯಿತು. ಜನಪ್ರತಿನಿಧಿಗಳ ಸಭೆಯಲ್ಲಿ ಅದನ್ನು ಮತಕ್ಕೆ ಹಾಕಲೇ ಇಲ್ಲ. ಕಾನೂನು ಮಾಡುವವರು ಮಾಡದೆ ಬಿಟ್ಟ ಜಾಗದಲ್ಲಿ ಆದೇಶಗಳು ಬೆಳೆದವು. ಒಬಾಮ ಕಾಲದಲ್ಲಿ ಒಂದು ಬಗೆಯವು, ಟ್ರಂಪ್ ಕಾಲದಲ್ಲಿ ಇನ್ನೊಂದು ಬಗೆಯವು.

ಯುದ್ಧದ ಮಾತು ಹೆಚ್ಚು ಬೇಡ. ಅಮೆರಿಕದ ಸಂಸತ್ತು ಕೊನೆಯ ಬಾರಿಗೆ ವಿಧ್ಯುಕ್ತವಾಗಿ ಯುದ್ಧ ಘೋಷಿಸಿದ್ದು 1942ರಲ್ಲಿ. ಆಮೇಲೆ ಆ ದೇಶ ಎಷ್ಟು ಕಡೆ ಹೋರಾಡಿತೆಂದು ಓದುಗರೇ ಬಲ್ಲರು.

ಹೀಗೇಕಾಯಿತು? 1974ರಲ್ಲಿ, ಬಜೆಟ್ ಕಾಯ್ದೆ ಬಂದ ವರ್ಷವೇ, ಯೇಲ್ ವಿಶ್ವವಿದ್ಯಾಲಯದ ಡೇವಿಡ್ ಮೇಹ್ಯೂ ಒಂದು ಚಿಕ್ಕ ಪುಸ್ತಕ ಬರೆದರು. ಸಂಸದನಿಗೆ ಇರುವುದೊಂದೇ ಗುರಿ, ಮತ್ತೆ ಗೆಲ್ಲುವುದು ಎಂದು ಇಟ್ಟುಕೊಂಡರೆ ಸಂಸತ್ತಿನ ಬಹುಪಾಲು ನಡವಳಿಕೆ ಅರ್ಥವಾಗುತ್ತದೆ ಎಂಬುದು ಅವರ ವಾದ. ಅಂಥವನು ಮೂರು ಕೆಲಸ ಮಾಡುತ್ತಾನೆ. ತನ್ನ ಹೆಸರನ್ನು ಮೊಳಗಿಸುತ್ತಾನೆ, ಆದ ಒಳಿತಿನ ಹೆಗ್ಗಳಿಕೆಯನ್ನು ತನ್ನ ಖಾತೆಗೆ ಬರೆದುಕೊಳ್ಳುತ್ತಾನೆ, ಎಲ್ಲದರ ಬಗ್ಗೆಯೂ ಒಂದು ನಿಲುವನ್ನು ಘೋಷಿಸುತ್ತಾನೆ. ನಿಲುವು ಘೋಷಿಸಿದ ಮೇಲೆ ಅದು ಕಾನೂನಾಗಬೇಕೆಂದೇನಿಲ್ಲ. ಬೆಳಗಾವಿಯಲ್ಲಿ ಬೆಳೆದು ಇವತ್ತು ಮಿಷಿಗನ್‌ನಿಂದ ಆರಿಸಿ ಹೋಗಿರುವ ಶ್ರೀ ಥಾಣೇದಾರ್ 2025ರ ಏಪ್ರಿಲ್‌ನಲ್ಲಿ ಟ್ರಂಪ್ ವಿರುದ್ಧ ಏಳು ಅಂಶಗಳ ಮಹಾಭಿಯೋಗ ನಿರ್ಣಯ ಮಂಡಿಸಿದರು. ಮೇ ತಿಂಗಳಲ್ಲಿ ಮತಕ್ಕೆ ಒತ್ತಾಯಿಸುವ ಗಳಿಗೆ ಬಂದಾಗ ಸ್ವಪಕ್ಷದವರೇ ಮುಖ ತಿರುಗಿಸಿದ್ದರಿಂದ ಹಿಂದೆ ಸರಿದರು. ಅವರ ಆಕ್ಷೇಪಗಳಲ್ಲಿ ಹುರುಳಿತ್ತೇ ಎಂಬುದು ಬೇರೆ ಚರ್ಚೆ. ಐವತ್ತು ವರ್ಷ ಹಿಂದೆ ಮೇಹ್ಯೂ ಗುರುತಿಸಿದ ಮೂರನೆಯ ಕೆಲಸಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನಮಗಂತೂ ಸಿಗಲಿಲ್ಲ.

ಮೇಹ್ಯೂ ಪುಸ್ತಕದ ನಾಲ್ಕು ವರ್ಷಗಳ ಬಳಿಕ ರಾಜ್ಯಶಾಸ್ತ್ರಜ್ಞ ರಿಚರ್ಡ್ ಫೆನ್ನೋ ಇನ್ನೊಂದು ಸಂಗತಿ ಕಂಡರು. ಅವರು ಗ್ರಂಥಾಲಯದಲ್ಲಿ ಕುಳಿತು ಬರೆದವರಲ್ಲ. 18 ಸಂಸದರ ಜೊತೆ ಅವರ ಕ್ಷೇತ್ರಗಳಲ್ಲಿ ಸುತ್ತಾಡಿ, ಕಾರಿನ ಹಿಂದಿನ ಸೀಟಿನಲ್ಲಿ ಕುಳಿತು, ಮತದಾರರೆದುರು ಅವರು ಹೇಗೆ ಮಾತಾಡುತ್ತಾರೆಂದು ಕೇಳಿಸಿಕೊಂಡು ಬರೆದವರು. ಜನ ಸಂಸತ್ತನ್ನು ಹೀಗಳೆಯುತ್ತಾರೆ, ತಮ್ಮ ಸಂಸದನನ್ನು ಮಾತ್ರ ಹೊಗಳುತ್ತಾರೆ. ಏಕೆಂದರೆ ಆ ಸಂಸದನೂ ಊರಿಗೆ ಬಂದಾಗ ಸಂಸತ್ತನ್ನೇ ಬೈಯುತ್ತಾನೆ. 2013ರ ನವೆಂಬರ್‌ನಲ್ಲಿ ಗ್ಯಾಲಪ್ ಸಮೀಕ್ಷೆಯಲ್ಲಿ ಸಂಸತ್ತಿನ ಕೆಲಸವನ್ನು ಮೆಚ್ಚಿದವರು ಶೇ 9 ಮಾತ್ರ. ಮರುವರ್ಷದ ಚುನಾವಣೆಯಲ್ಲಿ ಮತ್ತೆ ಸ್ಪರ್ಧಿಸಿದ ಜನಪ್ರತಿನಿಧಿಗಳಲ್ಲಿ ಸುಮಾರು ಶೇ 95 ಮಂದಿ ಗೆದ್ದರು. ಮನೆ ಸುಡುತ್ತಿದೆ ಎಂದು ಕೂಗುವವನಿಗೇ ಮನೆಯ ಪಟ್ಟಾ.

ಇದಕ್ಕೆ ಪಕ್ಷಗಳ ಹಗೆ ಕೂಡಿಕೊಂಡಿತು. ಇಲ್ಲಿ ವಿದ್ವಾಂಸರೂ ಸ್ವಲ್ಪ ತಲೆ ತಗ್ಗಿಸಬೇಕಾದ ಒಂದು ಕಥೆಯಿದೆ. 1950ರಲ್ಲಿ ಅಮೆರಿಕದ ರಾಜ್ಯಶಾಸ್ತ್ರ ಸಂಘದ ಸಮಿತಿಯೊಂದು, ಇ.ಇ. ಶಾಟ್‌ಶ್ನೈಡರ್ ಅವರ ಅಧ್ಯಕ್ಷತೆಯಲ್ಲಿ, ಒಂದು ವರದಿ ಕೊಟ್ಟಿತು. ಎರಡೂ ಪಕ್ಷಗಳು ಕಲಸುಮೇಲೋಗರವಾಗಿವೆ, ಮತದಾರನಿಗೆ ಸ್ಪಷ್ಟ ಆಯ್ಕೆಯಿಲ್ಲ, ಒಂದೇ ಪಕ್ಷದಲ್ಲಿ ದಕ್ಷಿಣದ ವರ್ಣಭೇದವಾದಿಯೂ ಉತ್ತರದ ಕಾರ್ಮಿಕ ನಾಯಕನೂ ಇದ್ದಾರೆ ಎಂಬುದು ಅದರ ದೂರು. ಪಕ್ಷಕ್ಕೆ ಕಾರ್ಯಕ್ರಮ ಬೇಕು, ಶಿಸ್ತು ಬೇಕು, ಪರಸ್ಪರ ಭಿನ್ನತೆ ಬೇಕು ಎಂದು ಆ ಸಮಿತಿ ಬಯಸಿತು. ಬಯಸಿದ್ದೆಲ್ಲ ಆಯಿತು. 1964–65ರ ನಾಗರಿಕ ಹಕ್ಕು ಮತ್ತು ಮತದಾನ ಹಕ್ಕಿನ ಕಾಯ್ದೆಗಳ ನಂತರ ದಕ್ಷಿಣ ರಾಜ್ಯಗಳು ಮೆಲ್ಲಗೆ ರಿಪಬ್ಲಿಕನ್ನರ ಕಡೆ ವಾಲಿದವು, ಎರಡೂ ಪಕ್ಷಗಳು ತಂತಮ್ಮ ದಡ ಸೇರಿದವು. ರಾಜ್ಯಶಾಸ್ತ್ರಜ್ಞರಾದ ಕೀತ್ ಪೂಲ್ ಮತ್ತು ಹೊವಾರ್ಡ್ ರೋಸೆಂಥಾಲ್ 1789ರಿಂದ ಈಚೆಗೆ ಸಂಸತ್ತಿನಲ್ಲಿ ಹೆಸರು ಕರೆದು ನಡೆಸಿದ ಪ್ರತಿಯೊಂದು ಮತದಾನವನ್ನೂ ಲೆಕ್ಕಕ್ಕೆ ಹಿಡಿದು, ಪ್ರತಿ ಸದಸ್ಯನ ಸ್ಥಾನವನ್ನು ಒಂದು ರೇಖೆಯ ಮೇಲೆ ಗುರುತಿಸಿದರು. ಅತ್ಯಂತ ಉದಾರವಾದಿ ರಿಪಬ್ಲಿಕನ್ ಕೂಡ ಅತ್ಯಂತ ಸಂಪ್ರದಾಯವಾದಿ ಡೆಮಾಕ್ರಟ್‌ಗಿಂತ ಬಲಕ್ಕೇ ನಿಲ್ಲುವ ಸ್ಥಿತಿ ಜನಪ್ರತಿನಿಧಿಗಳ ಸಭೆಯಲ್ಲಿ 2002ರ ಹೊತ್ತಿಗೆ, ಸೆನೆಟ್‌ನಲ್ಲಿ 2004ರ ಹೊತ್ತಿಗೆ ಬಂದಿತ್ತು. ನಡುವೆ ಕಾಲಿಡಲು ಜಾಗವಿಲ್ಲ.

1950ರ ವರದಿಗೆ ಆಗಲೇ ಆಕ್ಷೇಪ ಎತ್ತಿದವರಿದ್ದರು. ಅಧಿಕಾರವನ್ನು ಹಂಚಿ ಕಟ್ಟಿದ ವ್ಯವಸ್ಥೆಗೆ ಬ್ರಿಟಿಷ್ ಮಾದರಿಯ ಶಿಸ್ತಿನ ಪಕ್ಷ ಒಗ್ಗುವುದಿಲ್ಲ ಎಂದು ಆಸ್ಟಿನ್ ರಾನಿಯಂಥವರು ಎಚ್ಚರಿಸಿದ್ದರು. ಈ ಸೂಕ್ಷ್ಮ ನಮ್ಮ ಸಂವಿಧಾನ ಬರೆದವರಿಗೂ ತಿಳಿದಿತ್ತು. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಮಂಗಳೂರಿನ ಬೆನಗಲ್ ನರಸಿಂಗ ರಾಯರು 1947ರ ಕೊನೆಯಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿನ ನ್ಯಾಯಮೂರ್ತಿಗಳೊಡನೆ ಮಾತಾಡಿ ಬಂದವರು. ಮರುವರ್ಷದ ನವೆಂಬರ್ 4ರಂದು ಕರಡನ್ನು ಮಂಡಿಸುತ್ತ ಅಂಬೇಡ್ಕರ್, ಅಮೆರಿಕದ ಪದ್ಧತಿಯಲ್ಲಿ ಸ್ಥಿರತೆ ಹೆಚ್ಚು, ಹೊಣೆಗಾರಿಕೆ ಕಡಿಮೆ ಎಂದು ವಿವರಿಸಿ, ಕರಡು ಹೊಣೆಗಾರಿಕೆಯನ್ನು ಆರಿಸಿಕೊಂಡಿದೆ ಎಂದರು. ನಮ್ಮಲ್ಲಿ ಬಜೆಟ್ ಬಿದ್ದರೆ ಸರ್ಕಾರ ಬೀಳುತ್ತದೆ. ಅಲ್ಲಿ ಕಚೇರಿಗಳು ಮುಚ್ಚುತ್ತವೆ, ಯಾರ ಕುರ್ಚಿಯೂ ಅಲುಗುವುದಿಲ್ಲ. ನಮ್ಮ ಶಾಸನಸಭೆಗಳ ಈಗಿನ ಸ್ಥಿತಿ ನೋಡಿ ಈ ಮಾತಿಗೆ ಬೀಗಬೇಕಿಲ್ಲ, ಅದು ಬೇರೆ ಸಂಪಾದಕೀಯದ ವಸ್ತು.

ಹಗೆ ಸದನದಲ್ಲೇ ನಿಲ್ಲಲಿಲ್ಲ. 1960ರಲ್ಲಿ, ಮಗನೋ ಮಗಳೋ ಎದುರು ಪಕ್ಷದವರನ್ನು ಮದುವೆಯಾದರೆ ಬೇಸರವೇ ಎಂದು ಕೇಳಿದಾಗ ಹೌದೆಂದವರು ಶೇ 5ರ ಆಸುಪಾಸು. 2010ರಲ್ಲಿ ರಿಪಬ್ಲಿಕನ್ನರಲ್ಲಿ ಅರ್ಧದಷ್ಟು, ಡೆಮಾಕ್ರಟರಲ್ಲಿ ಮೂರನೇ ಒಂದು ಭಾಗ. ಶಾಂತೊ ಅಯ್ಯಂಗಾರ್ ಮತ್ತು ಜೊತೆಗಾರರು 2012ರಲ್ಲಿ ಇದನ್ನು ಮುಂದಿಟ್ಟಾಗ ಅಮೆರಿಕನ್ನರೇ ಬೆಚ್ಚಿದರು. ಜಾತಿಪದ್ಧತಿಯ ನೆಲದಿಂದ ಹೋದ ನಮ್ಮವರಿಗೆ ಆ ಪ್ರಶ್ನೆಯ ಧಾಟಿ ಹೊಸದಲ್ಲ. ಇಂಥ ಮತದಾರರಿರುವಾಗ, ಬಹುಮತ ಪ್ರತಿ ಚುನಾವಣೆಯಲ್ಲೂ ಕೈಬದಲಾಗುವ ಸಂಭವ ಇರುವಾಗ, ರಾಜಿಗೆ ಬರುವುದೆಂದರೆ ಎದುರಾಳಿಗೆ ಗೆಲುವು ಕೊಟ್ಟಂತೆ ಎಂದು ಪಕ್ಷಗಳು ಭಾವಿಸುತ್ತವೆ ಎಂಬುದು ರಾಜ್ಯಶಾಸ್ತ್ರಜ್ಞೆ ಫ್ರಾನ್ಸಿಸ್ ಲೀ ಅವರ ವಿಶ್ಲೇಷಣೆ. 1955ರಿಂದ 1995ರವರೆಗೆ ಜನಪ್ರತಿನಿಧಿಗಳ ಸಭೆ ಸತತ 40 ವರ್ಷ ಡೆಮಾಕ್ರಟರ ಕೈಯಲ್ಲಿತ್ತು. ಅಲ್ಪಮತದವರಿಗೆ ಕೂಡಿ ಬಾಳುವುದು ಬಿಟ್ಟು ದಾರಿ ಇರಲಿಲ್ಲ. ಈಗ ಎರಡು ವರ್ಷ ಕಾದರೆ ಸಾಕು ಎಂಬ ಆಸೆ ಎರಡೂ ಕಡೆ.

ಇಷ್ಟೆಲ್ಲ ನಮಗೆ ತಿಳಿದಿರುವುದು ಹೇಗೆ? ಯಾರೋ ಕುಳಿತು ದಶಕಗಟ್ಟಲೆ ಅದೇ ಪ್ರಶ್ನೆಯನ್ನು ಅದೇ ಮಾತುಗಳಲ್ಲಿ ಕೇಳುತ್ತ ಬಂದದ್ದರಿಂದ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ 1948ರಲ್ಲಿ ಶುರುವಾದ ರಾಷ್ಟ್ರೀಯ ಚುನಾವಣಾ ಅಧ್ಯಯನವೇ ಅದರ ಬೆನ್ನೆಲುಬು. ವಾಷಿಂಗ್ಟನ್ ಸರ್ಕಾರ ಸರಿಯಾದದ್ದನ್ನೇ ಮಾಡುತ್ತದೆಂದು ನಂಬುವಿರಾ ಎಂದು 1958ರಲ್ಲಿ ಕೇಳಿದಾಗ ಮುಕ್ಕಾಲು ಪಾಲು ಜನ ಹೌದೆಂದಿದ್ದರು. ಈಚಿನ ವರ್ಷಗಳಲ್ಲಿ ಹಾಗೆನ್ನುವವರು ಐವರಲ್ಲಿ ಒಬ್ಬರು. ಈ ಇಳಿಜಾರನ್ನು ಯಾವ ಅಂಕಣಕಾರನೂ ಊಹಿಸಿ ಬರೆಯಲಾರ. ಆ ಅಧ್ಯಯನ 1977ರಿಂದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ನೆರವಿನಲ್ಲಿ ನಡೆದು ಬಂದಿದೆ.

ಆ ನೆರವಿನ ಮೇಲೆ ಕಣ್ಣು ಬಿದ್ದದ್ದು ನಿನ್ನೆ ಮೊನ್ನೆಯಲ್ಲ. 2012ರ ಮೇನಲ್ಲಿ ಜನಪ್ರತಿನಿಧಿಗಳ ಸಭೆ ರಾಜ್ಯಶಾಸ್ತ್ರ ಸಂಶೋಧನೆಗೆ ಪ್ರತಿಷ್ಠಾನದ ಹಣ ನಿಲ್ಲಿಸುವ ತಿದ್ದುಪಡಿಗೆ 218–208ರ ಒಪ್ಪಿಗೆ ಕೊಟ್ಟಿತು. ತಂದವರು ಜೆಫ್ ಫ್ಲೇಕ್, ಅವರೇ ರಾಜ್ಯಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವರು. ಮರುವರ್ಷ ಸೆನೆಟರ್ ಟಾಮ್ ಕೋಬರ್ನ್ ತಂದ ತಿದ್ದುಪಡಿ ಕಾನೂನೇ ಆಯಿತು. ರಾಷ್ಟ್ರದ ಭದ್ರತೆಗೋ ಆರ್ಥಿಕ ಹಿತಕ್ಕೋ ನೆರವಾಗುವುದಾದರೆ ಮಾತ್ರ ಈ ಶಾಸ್ತ್ರಕ್ಕೆ ದುಡ್ಡು ಎಂಬ ಷರತ್ತು 2014ರ ಜನವರಿಯವರೆಗೆ ಜಾರಿಯಲ್ಲಿತ್ತು. ಉಳಿತಾಯ ಎಷ್ಟು? 700 ಕೋಟಿ ಡಾಲರಿನ ಪ್ರತಿಷ್ಠಾನದಲ್ಲಿ ರಾಜ್ಯಶಾಸ್ತ್ರದ ಪಾಲು ವರ್ಷಕ್ಕೆ ಒಂದು ಕೋಟಿಯ ಆಸುಪಾಸು. ಆ ತಿದ್ದುಪಡಿಗೆ ನಾಲ್ಕೇ ವರ್ಷ ಮೊದಲು, 2009ರಲ್ಲಿ, ಇದೇ ಪ್ರತಿಷ್ಠಾನದ ಹಣ ಪಡೆದು ಊರಿನ ಕೆರೆ, ಹುಲ್ಲುಗಾವಲು, ಮೀನುಗಾರಿಕೆಗಳ ಆಡಳಿತವನ್ನು ಅಧ್ಯಯನ ಮಾಡಿದ ರಾಜ್ಯಶಾಸ್ತ್ರಜ್ಞೆ ಎಲಿನೋರ್ ಆಸ್ಟ್ರಮ್ ಅರ್ಥಶಾಸ್ತ್ರದ ನೊಬೆಲ್ ಪಡೆದಿದ್ದರು.

2025ರಲ್ಲಿ ಬಿದ್ದ ಪೆಟ್ಟು ಮಾತ್ರ ಬೇರೆ ಗಾತ್ರದ್ದು. ತಪ್ಪು ಮಾಹಿತಿ ಹೇಗೆ ಹರಡುತ್ತದೆ, ಯಾರು ಹೊರಗುಳಿಯುತ್ತಾರೆ ಎಂಬಂಥ ವಿಷಯಗಳೂ ಸೇರಿದಂತೆ ಸಾವಿರಕ್ಕೂ ಹೆಚ್ಚು ಅನುದಾನಗಳನ್ನು ಪ್ರತಿಷ್ಠಾನ ನಡುದಾರಿಯಲ್ಲೇ ರದ್ದುಮಾಡಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ಅದರ ನಿರ್ದೇಶಕ ಸೇತುರಾಮನ್ ಪಂಚನಾಥನ್ ಏಪ್ರಿಲ್ 24ರಂದು ರಾಜೀನಾಮೆ ಕೊಟ್ಟರು. ಪ್ರತಿಷ್ಠಾನದ ಬಜೆಟ್ಟನ್ನು ಅರ್ಧಕ್ಕಿಂತ ಹೆಚ್ಚು ಕಡಿಯುವ ಪ್ರಸ್ತಾವ ಅದರ ಹಿಂದೆಯೇ ಬಂತು. ಮೇ 8ರಂದು ಲೈಬ್ರರಿ ಆಫ್ ಕಾಂಗ್ರೆಸ್‌ನ ಮುಖ್ಯಸ್ಥೆ ಕಾರ್ಲಾ ಹೇಡನ್ ಅವರನ್ನು ಒಂದು ಸಣ್ಣ ಇಮೇಲ್ ಮೂಲಕ ಅಧ್ಯಕ್ಷರ ಕಚೇರಿ ಮನೆಗೆ ಕಳಿಸಿತು. ಆ ಗ್ರಂಥಾಲಯ ಸಂಸತ್ತಿನದ್ದು. ಸಂಸದರಿಗೆ ನಿಷ್ಪಕ್ಷಪಾತ ಮಾಹಿತಿ ಒದಗಿಸುವ ಸಂಶೋಧನಾ ಸೇವೆ ಅದರ ಒಳಗೇ ಇದೆ. ಆಗಸ್ಟ್ 1ರಂದು, ಉದ್ಯೋಗದ ಅಂಕಿ ಹಿಡಿಸಲಿಲ್ಲವೆಂದು ಕಾರ್ಮಿಕ ಅಂಕಿಅಂಶ ಇಲಾಖೆಯ ಮುಖ್ಯಸ್ಥೆಯನ್ನೂ ತೆಗೆದದ್ದಾಯಿತು. ಈ ವಜಾಗಳನ್ನೆಲ್ಲ ಸಂಸತ್ತು ನುಂಗಿಕೊಂಡಿತು. ಸ್ವಂತ ಮಿದುಳಿಗೆ ಕತ್ತರಿ ಹಾಕಿಕೊಳ್ಳುವ ಅಭ್ಯಾಸ ಅದಕ್ಕೆ ಹಳೆಯದು: 1995ರಲ್ಲಿ ನ್ಯೂಟ್ ಗಿಂಗ್ರಿಚ್ ಸ್ಪೀಕರ್ ಆದಾಗ ತಂತ್ರಜ್ಞಾನ ಮೌಲ್ಯಮಾಪನ ಕಚೇರಿಯನ್ನೇ ಮುಚ್ಚಲಾಯಿತು, ಸದನ ಸಮಿತಿಗಳ ಸಿಬ್ಬಂದಿಯಲ್ಲಿ ಮೂರನೇ ಒಂದು ಭಾಗವನ್ನು ಕಡಿಯಲಾಯಿತು. ಅಲ್ಲಿಂದೀಚೆಗೆ ಮಸೂದೆಯ ಒಳಮರ್ಮ ಬಲ್ಲವರು ಹೆಚ್ಚಾಗಿ ಲಾಬಿ ಕಂಪನಿಗಳಲ್ಲೇ ಸಿಗುತ್ತಾರೆ.

ನ್ಯಾಯಾಂಗದ ಕಿವಿಯೂ ಇತ್ತ ತೆರೆದಿಲ್ಲ. ಕ್ಷೇತ್ರಗಳ ಗಡಿಯನ್ನು ಪಕ್ಷದ ಲಾಭಕ್ಕೆ ತಿರುಚುವುದನ್ನು ಅಳೆಯಲು ವಿದ್ವಾಂಸರು ಒಂದು ಸೂತ್ರ ಕೊಟ್ಟಾಗ, 2017ರ ಅಕ್ಟೋಬರ್‌ನ ವಿಚಾರಣೆಯಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಅದನ್ನು ಸಮಾಜಶಾಸ್ತ್ರದ ಬಡಬಡಿಕೆ ಎಂಬರ್ಥದಲ್ಲಿ ತಳ್ಳಿಹಾಕಿದರು. 2019ರಲ್ಲಿ ಆ ಬಗೆಯ ದೂರುಗಳನ್ನು ಒಕ್ಕೂಟದ ಕೋರ್ಟುಗಳು ಕೇಳುವಂತೆಯೇ ಇಲ್ಲ ಎಂದು ತೀರ್ಪಾಯಿತು. 2025ರಲ್ಲಿ ಟೆಕ್ಸಾಸ್ ದಶಕದ ನಡುವೆಯೇ ನಕ್ಷೆ ಬದಲಿಸಿ ಐದು ಸ್ಥಾನ ಗಿಟ್ಟಿಸಲು ಹೊರಟಿತು. ಕ್ಯಾಲಿಫೋರ್ನಿಯ ನವೆಂಬರ್ 4ರ ಜನಮತದಲ್ಲಿ ಅದಕ್ಕೆ ಪ್ರತಿಯೇಟು ಕೊಟ್ಟಿತು. ಪ್ರತಿಯೇಟನ್ನು ನೀತಿ ಎಂದು ಕರೆಯಲು ನಮಗೆ ಮನಸ್ಸಿಲ್ಲ.

ಈ ಶಾಸ್ತ್ರದವರ ಮೇಲೂ ಆರೋಪಗಳಿವೆ, ಮುಚ್ಚಿಡಬೇಕಿಲ್ಲ. ಅವರಲ್ಲಿ ಬಹುಪಾಲು ಉದಾರವಾದದ ಕಡೆಗಿರುವವರು. ಬ್ರೈಟ್ ಲೈನ್ ವಾಚ್ ಎಂಬ ಗುಂಪು ಪರಿಣತರಿಂದ ಅಮೆರಿಕದ ಪ್ರಜಾಪ್ರಭುತ್ವಕ್ಕೆ ನೂರಕ್ಕೆ ಅಂಕ ಕೊಡಿಸುತ್ತದೆ. 2024ರ ಚುನಾವಣೆಯ ನಂತರ 67 ಇದ್ದದ್ದು 2025ರ ಫೆಬ್ರುವರಿಯಲ್ಲಿ 55ಕ್ಕೆ ಇಳಿಯಿತು. ಇಲ್ಲಿ ಕುಸಿದದ್ದು ಪ್ರಜಾಪ್ರಭುತ್ವವೋ ಅಂಕ ಕೊಟ್ಟವರ ಮನಸ್ಸೋ ಎಂದು ಕೇಳುವ ಹಕ್ಕು ಎದುರು ಪಕ್ಷಕ್ಕಿದೆ. ಆಂಡ್ರೂ ಲಿಟಲ್ ಮತ್ತು ಆ್ಯನ್ ಮೆಂಗ್ ಎಂಬ ಇಬ್ಬರು ರಾಜ್ಯಶಾಸ್ತ್ರಜ್ಞರೇ, ಪರಿಣತರ ಅಭಿಪ್ರಾಯಕ್ಕೆ ಬದಲು ಚುನಾವಣೆಯ ಸೋಲು ಗೆಲುವಿನಂಥ ಗಟ್ಟಿ ಅಳತೆಗಳನ್ನು ಹಿಡಿದರೆ ಜಗತ್ತಿನ ಪ್ರಜಾಪ್ರಭುತ್ವದ ಕುಸಿತ ಅಷ್ಟು ನಿಚ್ಚಳವಾಗಿ ಕಾಣುವುದಿಲ್ಲ ಎಂದು ವಾದಿಸಿದರು. ಇಂಥ ಒಳಜಗಳ ಇರುವುದರಿಂದಲೇ ಆ ಶಾಸ್ತ್ರದ ಮೇಲೆ ನಮಗೆ ವಿಶ್ವಾಸ. ಇನ್ನೊಂದು ದೂರು ಭಾಷೆಯದು. ಅದರ ಪತ್ರಿಕೆಗಳು ಇವತ್ತು ಸಮೀಕರಣಗಳಿಂದ ತುಂಬಿ, ಸಂಸದನಿಗಿರಲಿ, ಪಕ್ಕದ ವಿಭಾಗದ ಅಧ್ಯಾಪಕನಿಗೂ ದಕ್ಕುವುದಿಲ್ಲ. ಫೆನ್ನೋ ಬರೆದದ್ದನ್ನು ಯಾರು ಬೇಕಾದರೂ ಓದಬಹುದಿತ್ತು. ಶಾಸ್ತ್ರಕ್ಕೆ ದುಡ್ಡು ನಿಂತಾಗ ಬೀದಿಯಲ್ಲಿ ಯಾರೂ ಅಳಲಿಲ್ಲವೆಂದರೆ ಅದರಲ್ಲಿ ಶಾಸ್ತ್ರಕಾರರ ಪಾಲೂ ಇದೆ. ಹಾಗೆಂದು ಸಮೀಕ್ಷೆಯನ್ನು ನಿಲ್ಲಿಸಿಬಿಟ್ಟರೆ, 1948ರಿಂದ ಬಂದ ಸರಣಿಯಲ್ಲಿ ಒಂದು ಚುನಾವಣೆ ತಪ್ಪಿದರೂ ಅದನ್ನು ಆಮೇಲೆ ಎಷ್ಟು ದುಡ್ಡು ಸುರಿದರೂ ತುಂಬಲಾಗದು. 2028ರಲ್ಲಿ ಹೋಗಿ 2026ರ ಮತದಾರನ ಮನಸ್ಸನ್ನು ಕೇಳಲಾಗುವುದಿಲ್ಲ.

ಇಷ್ಟರ ನಡುವೆಯೂ ಸಂಸತ್ತಿನದೇ ಆದ ಒಂದು ಸಂಸ್ಥೆ ಲೆಕ್ಕ ಇಡುತ್ತಿದೆ: ಸರ್ಕಾರಿ ಹೊಣೆಗಾರಿಕೆ ಕಚೇರಿ, ನಮ್ಮ ಸಿಎಜಿಯ ಅಲ್ಲಿನ ಸೋದರ. ಸಂಸತ್ತು ಮಂಜೂರು ಮಾಡಿದ ಹಣವನ್ನು ಅಧ್ಯಕ್ಷ ತಡೆಹಿಡಿಯದಂತೆ 1974ರಲ್ಲೇ, ನಿಕ್ಸನ್ ಆಡಳಿತದ ಅನುಭವದ ಮೇಲೆ, ಕಾನೂನು ಮಾಡಲಾಗಿತ್ತು. 2025ರಲ್ಲಿ ಆ ಕಾನೂನು ಹಲವು ಬಾರಿ ಮುರಿದಿದೆಯೆಂದು ಈ ಕಚೇರಿ ಬರೆದು ಕೊಟ್ಟಿತು. ಆಗಸ್ಟ್ ಕೊನೆಗೆ ಶ್ವೇತಭವನ, ಹಣಕಾಸು ವರ್ಷ ಮುಗಿಯಲು ಒಂದು ತಿಂಗಳಿರುವಾಗ, 490 ಕೋಟಿ ಡಾಲರ್ ವಿದೇಶಿ ನೆರವನ್ನು ರದ್ದುಮಾಡಲು ಕೋರಿ, ಉತ್ತರ ಬರುವ ಮೊದಲೇ ಅವಧಿ ತೀರುವಂತೆ ನೋಡಿಕೊಂಡಿತು. ಸಂಸತ್ತು ಸುಮ್ಮನಿತ್ತು. ಆ ಕಚೇರಿಯ ಮುಖ್ಯಸ್ಥ ಜೀನ್ ಡೊಡಾರೊ ಅವರ 15 ವರ್ಷದ ಅವಧಿ 2025ರ ಡಿಸೆಂಬರ್ ಕೊನೆಗೆ ಮುಗಿಯಿತು. ಉತ್ತರಾಧಿಕಾರಿಯನ್ನು ನಾಮಕರಣ ಮಾಡುವವನು ಅಧ್ಯಕ್ಷ, ಆದರೆ ಹೆಸರುಗಳನ್ನು ಸೂಚಿಸಬೇಕಾದದ್ದು ಎರಡೂ ಸದನಗಳ ನಾಯಕರಿರುವ ಸಂಸತ್ತಿನ ಆಯೋಗ, ಒಪ್ಪಿಗೆ ಕೊಡಬೇಕಾದದ್ದು ಸೆನೆಟ್. ಗದ್ದಿಗೆಯ ಮೇಲೆ ಕೂರುವವರು ಮುಂದಿನ 15 ವರ್ಷ, ಅಂದರೆ ಮೂರು ನಾಲ್ಕು ಅಧ್ಯಕ್ಷರ ಕಾಲ, ಆ ಲೆಕ್ಕವನ್ನು ನೋಡುತ್ತಾರೆ. ಹಣವನ್ನು ತಡೆಹಿಡಿದವರೇ ಲೆಕ್ಕ ನೋಡುವವರನ್ನೂ ಆರಿಸಲಿ ಎಂದು ಸಂಸತ್ತು ಬಿಟ್ಟುಕೊಡುತ್ತದೆಯೇ ಎಂಬುದು ಆ ಪಟ್ಟಿಯ ಮೇಲಿನ ಹೆಸರುಗಳಿಂದಲೇ ತಿಳಿಯುತ್ತದೆ.